ಹೇಳದೆ ಕೇಳದೆ ಗೈರಾದ ಕೆಲಸಗಾರನ ಹೆಸರು ಹೊಡೆದುಹಾಕಬಹುದೇ? ವಕೀಲರನ್ನು ಯಾವಾಗ ಹಿಡಿಯಬೇಕು?

ಲೇತ್‌ಮಾಲೀಕ:
ಎಲ್ಲರಿಗೂ ನಮಸ್ಕಾರ. ನಮ್ಮದು ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ, ಎಲ್ಲ ಸೇರಿ ನಲವತ್ತರ ಆಸುಪಾಸು ಜನ. ಐದಾರು ವರ್ಷದಿಂದ ಇದ್ದ ಒಬ್ಬ ಆಪರೇಟರ್ ಮೂರು ವಾರದಿಂದ ಪತ್ತೆಯಿಲ್ಲ. ರಜೆ ಚೀಟಿ ಕೊಟ್ಟಿಲ್ಲ, ಫೋನ್ ಎತ್ತುವುದಿಲ್ಲ. ಗೈರಾಗುವ ಹಿಂದಿನ ದಿನ ಫೋರ್‌ಮನ್‌ಗೂ ಅವನಿಗೂ ಮಾತಿಗೆ ಮಾತು ಬೆಳೆದಿತ್ತಂತೆ.

ನೇಮಕಾತಿ ಪತ್ರದಲ್ಲಿ "ಅನುಮತಿಯಿಲ್ಲದೆ ಹತ್ತು ದಿನ ಗೈರಾದರೆ ತಾನಾಗಿಯೇ ಕೆಲಸ ಬಿಟ್ಟಂತೆ" ಎಂಬ ಸಾಲಿದೆ. ಅದನ್ನೇ ಹಿಡಿದು ಹೆಸರು ಹೊಡೆದುಹಾಕೋಣ, ಬೇರೆಯವರನ್ನು ತೆಗೆದುಕೊಳ್ಳೋಣ ಅಂತ ಮ್ಯಾನೇಜರ್ ಹೇಳುತ್ತಾರೆ. ಲೆಕ್ಕ ನೋಡುವವರು ಮಾತ್ರ ಮೊದಲು ವಕೀಲರನ್ನು ಕೇಳಿ ಅಂತ ಪಟ್ಟು ಹಿಡಿದಿದ್ದಾರೆ. ಇನ್ನೂ ಕೇಸೇ ಇಲ್ಲ, ವಕೀಲರ ಹತ್ತಿರ ಹೋಗಿ ಏನು ಕೇಳಲಿ?

ನೇರಮಾತು:
ಇಷ್ಟಕ್ಕೆಲ್ಲ ವಕೀಲರು ಯಾಕೆ ಸ್ವಾಮಿ? ಯಾರನ್ನಾದರೂ ಮನೆಗೆ ಕಳಿಸಿ, ಒಂದು ರಾಜೀನಾಮೆ ಬರೆಸಿಕೊಂಡು ಬರಲಿ. ಬಾಕಿ ಸಂಬಳ ಕೊಟ್ಟು ಕೈತೊಳೆದುಕೊಳ್ಳಿ. ನಮ್ಮ ಕಡೆ ಎಲ್ಲರೂ ಮಾಡುವುದು ಇದೇ.

ಕಾರ್ಮಿಕಕಾನೂನು:
ಮಾಲೀಕರ ಪರ ವಕೀಲಿಕೆ ನನ್ನ ಕಸುಬು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲೆಕ್ಕದವರು ಹೇಳಿದ್ದು ಸರಿ. ಆದೇಶ ಹೊರಡುವ ಮುಂಚೆ ಒಂದು ಗಂಟೆ ಕೂತು ಮಾತಾಡಿದರೆ ಸಿಗುವ ಪ್ರಯೋಜನ, ಆದೇಶ ಹೊರಟ ಮೇಲೆ ಎಷ್ಟು ದೊಡ್ಡ ವಕೀಲರನ್ನು ಇಟ್ಟರೂ ಸಿಗುವುದಿಲ್ಲ. ಕೆಲಸಗಾರ ತಪ್ಪು ಮಾಡಿಲ್ಲ ಎಂಬ ಕಾರಣಕ್ಕೆ ಮಾಲೀಕರು ಸೋಲುವುದು ಕಡಿಮೆ. ಸೋಲುವುದೆಲ್ಲ ಕಾಗದದಲ್ಲಿ.

ಆ "ತಾನಾಗಿಯೇ ಬಿಟ್ಟಂತೆ" ಸಾಲಿನ ಕಥೆ ಕೇಳಿ. 1993ರಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಯಾದವ್ ವಿರುದ್ಧ ಜೆ.ಎಂ.ಎ. ಇಂಡಸ್ಟ್ರೀಸ್ ಎಂಬ ಪ್ರಕರಣ ತೀರ್ಮಾನಿಸಿತು. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸದ ಹಕ್ಕು ಹೋಗುತ್ತದೆ ಎಂದು ಅವರ ಸ್ಥಾಯಿ ಆದೇಶದಲ್ಲೇ ಇತ್ತು. ಸ್ಥಾಯಿ ಆದೇಶ ಎಂದರೆ ಕಾರ್ಖಾನೆಯ ಕೆಲಸದ ನಿಯಮಗಳ ಪ್ರಮಾಣೀಕೃತ ದಾಖಲೆ, ನಿಮ್ಮ ನೇಮಕಾತಿ ಪತ್ರಕ್ಕಿಂತ ತೂಕದ್ದು. ಆದರೂ ವಿಚಾರಣೆಯಿಲ್ಲದೆ, ಅವನ ಮಾತು ಕೇಳದೆ ಹೆಸರು ತೆಗೆದದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಕೋರ್ಟ್ ಹೇಳಿತು. ಅವನಿಗೆ ಕೆಲಸ ವಾಪಸ್ ಸಿಕ್ಕಿತು, ಹಿಂಬಾಕಿ ವೇತನದ ಅರ್ಧವೂ ಸಿಕ್ಕಿತು. ಅಷ್ಟೂ ಕಾಲ ಅವನು ಕೆಲಸ ಮಾಡಿರಲಿಲ್ಲ ಎಂಬುದನ್ನು ಗಮನಿಸಿ.

ಹಾಗಾಗಿ ಈ ವಾರ ಯಾವ ಆದೇಶಕ್ಕೂ ಸಹಿ ಹಾಕಬೇಡಿ. "ಇಂಥ ದಿನದಿಂದ ರಜೆ ಪಡೆಯದೆ ಗೈರಾಗಿದ್ದೀರಿ, ಇಂಥ ದಿನದೊಳಗೆ ಕೆಲಸಕ್ಕೆ ಹಾಜರಾಗಿ, ಗೈರಿಗೆ ಕಾರಣ ಬರೆದು ಕೊಡಿ" ಎಂದು ಪತ್ರ ಕಳಿಸಿ. ದಾಖಲೆಯಲ್ಲಿರುವ ಪ್ರತಿ ವಿಳಾಸಕ್ಕೂ ಹೋಗಲಿ, ಊರಿನದ್ದು ಮತ್ತು ಬಾಡಿಗೆ ಮನೆಯದ್ದು ಎರಡಕ್ಕೂ. ವಾಟ್ಸ್ಆ್ಯಪ್‌ನಲ್ಲೂ ಹಾಕಿ, ಆದರೆ ಅದೊಂದನ್ನೇ ನೆಚ್ಚಬೇಡಿ.

@ನೇರಮಾತು, ನಿಮಗೆ ಸಂಜೆ ಉತ್ತರ ಬರೆಯುತ್ತೇನೆ.

ಸಂಘದವ:
ವಕೀಲರಿಗಿಂತ ಮುಂಚೆ ನಾನೇ ಉತ್ತರ ಕೊಡುತ್ತೇನೆ. ನಾನು ಕಾರ್ಮಿಕ ಸಂಘದಲ್ಲಿರುವವನು, ಎದುರು ಪಕ್ಷ ಅಂತಲೇ ಇಟ್ಟುಕೊಳ್ಳಿ.

ಮನೆಗೆ ಜನ ಕಳಿಸಿ ರಾಜೀನಾಮೆ ಬರೆಸಿಕೊಂಡರೆ ಅವನು ಮರುದಿನ ನಮ್ಮ ಹತ್ತಿರ ಬರುತ್ತಾನೆ. ನಾವು ಅವನ ಕೈಯಲ್ಲಿ ಕಾರ್ಮಿಕ ಅಧಿಕಾರಿಗೆ ದೂರು ಬರೆಸುತ್ತೇವೆ: "ಹೆದರಿಸಿ ಸಹಿ ಹಾಕಿಸಿಕೊಂಡರು." ರಾಜೀನಾಮೆ ಯಾರ ಅಕ್ಷರದಲ್ಲಿದೆ, ಎಲ್ಲಿ ಬರೆದದ್ದು, ಸಾಕ್ಷಿ ಯಾರು, ಅದೇ ದಿನವೇ ಯಾಕೆ ಅಂಗೀಕರಿಸಿದಿರಿ, ಒಂದೊಂದಕ್ಕೂ ನೀವು ಉತ್ತರ ಹೇಳಬೇಕು. ಅದರ ಮೇಲೆ ಕೆಲಸಕ್ಕೆ ಸೇರುವಾಗ ಖಾಲಿ ಹಾಳೆಗೆ ಸಹಿ ತೆಗೆದುಕೊಳ್ಳುವ ಚಾಳಿಯೇನಾದರೂ ನಿಮಗಿದ್ದರೆ, ಕೇಸು ಅಲ್ಲಿಗೇ ನಮ್ಮದು.

ಇನ್ನೊಂದು. ನೀವು "ಬರಲಿಲ್ಲ" ಅಂತೀರಿ, ಅವನು "ಬಂದಿದ್ದೆ, ಗೇಟಿನಲ್ಲಿ ತಡೆದರು" ಅಂತಾನೆ. ಗೈರಿನ ಕೇಸುಗಳಲ್ಲಿ ಹತ್ತಕ್ಕೆ ಎಂಟು ಹೀಗೇ ಇರುತ್ತವೆ. ಎಷ್ಟೋ ಸಲ ಅದು ನಿಜವೂ ಹೌದು, ಫೋರ್‌ಮನ್ ಜಗಳದ ಸಿಟ್ಟಿಗೆ ಸೆಕ್ಯೂರಿಟಿಗೆ "ಅವನನ್ನು ಒಳಗೆ ಬಿಡಬೇಡ" ಅಂದಿರುತ್ತಾನೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಮೊದಲು ಅದನ್ನು ವಿಚಾರಿಸಿಕೊಳ್ಳಿ ಸಾರ್.

ಲೇತ್‌ಮಾಲೀಕ:
ಗೇಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಇವತ್ತೇ ರಿಜಿಸ್ಟರ್ ತರಿಸಿ ನೋಡುತ್ತೇನೆ.

ಎಚ್ಆರ್_ಹಳಬಳು:
ಸಂಘದವರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಗೇಟಿನ ಪುಸ್ತಕ, ಹಾಜರಿ ಪುಸ್ತಕ, ಬಯೋಮೆಟ್ರಿಕ್ ದಾಖಲೆ, ಕ್ಯಾಮೆರಾ ದೃಶ್ಯ ನಾಲ್ಕನ್ನೂ ಈಗಲೇ ತೆಗೆದಿಡಿ. ಕ್ಯಾಮೆರಾದ ಡಿಸ್ಕ್ ಕೆಲವು ವಾರಕ್ಕೆ ತಾನೇ ಅಳಿಸಿಕೊಂಡು ಬರೆಯುತ್ತಿರುತ್ತದೆ, ಕೇಸು ಬಂದಾಗ ಹುಡುಕಿದರೆ ಸಿಗುವುದಿಲ್ಲ. ಕೋರ್ಟಿಗೆ ಇಂಥ ವಿದ್ಯುನ್ಮಾನ ದಾಖಲೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಹಿಂದೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಇಲ್ಲಿಗೆ ಬಂದಿದೆ.

ಅಂಚೆಯ ಬಗ್ಗೆಯೂ ಒಂದು ಮಾತು. ನಮ್ಮ ಕಾಲದ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಕೌಂಟರಿನಲ್ಲಿ ನೋಂದಣಿಯನ್ನೂ ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ ಪಡೆಯಿರಿ. ಕವರು ವಾಪಸ್ ಬಂದರೆ ಒಡೆಯಬೇಡಿ! "ಬಾಗಿಲು ಬೀಗ", "ಸ್ವೀಕರಿಸಲು ನಿರಾಕರಿಸಿದರು" ಎಂದು ಪೋಸ್ಟ್‌ಮನ್ ಬರೆದ ಆ ಕವರೇ ನಿಮ್ಮ ಸಾಕ್ಷ್ಯ. ಕುತೂಹಲಕ್ಕೆ ಒಡೆದುಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಕಾರ್ಮಿಕಕಾನೂನು:
ಸಂಘದವರು ನನ್ನ ಕೆಲಸ ಅರ್ಧ ಮುಗಿಸಿದ್ದಾರೆ, ಧನ್ಯವಾದ. ಒತ್ತಾಯದ ರಾಜೀನಾಮೆ ಎಂದರೆ ವಿಚಾರಣೆಯಿಲ್ಲದ ವಜಾ, ಅಷ್ಟೇ.

ಈಗ ಲೇತ್‌ಮಾಲೀಕರಿಗೆ. ಪತ್ರಕ್ಕೆ ಉತ್ತರ ಬರಲಿಲ್ಲ ಅಂದುಕೊಳ್ಳಿ. ಎರಡನೆಯದು ಕಳಿಸಿ. ಅದಕ್ಕೂ ಬರದಿದ್ದರೆ ಆರೋಪ ಪಟ್ಟಿ. ಇಲ್ಲಿಂದ ವಕೀಲರ ಕಣ್ಣು ಬೇಕೇ ಬೇಕು, ಏಕೆಂದರೆ ಆರೋಪ ಪಟ್ಟಿ ಕೆಟ್ಟರೆ ಅದರ ಮೇಲೆ ಕಟ್ಟಿದ್ದೆಲ್ಲ ಕೆಡುತ್ತದೆ. "ನಿನ್ನ ನಡತೆ ಸರಿಯಿಲ್ಲ" ಅನ್ನುವುದು ಆರೋಪವಲ್ಲ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ನಿಯಮದ ಪ್ರಕಾರ ದುರ್ನಡತೆ ಎಂದು ಬಿಡಿಸಿ ಬರೆಯಬೇಕು, ಅದೂ ಅವನಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡ ಬಿಟ್ಟು ಬೇರೆ ಓದಲು ಬಾರದವನಿಗೆ ಇಂಗ್ಲಿಷ್ ಪಟ್ಟಿ ಕೊಟ್ಟರೆ ಎದುರು ವಕೀಲರಿಗೆ ಖುಷಿ. ಹೊರ ರಾಜ್ಯದವನಾದರೆ ಅವನ ಭಾಷೆಯ ಅನುವಾದ ಜೊತೆಗಿರಲಿ.

ಆಮೇಲೆ ಆಂತರಿಕ ವಿಚಾರಣೆ. ವಿಚಾರಣಾಧಿಕಾರಿ ಆ ಫೋರ್‌ಮನ್ ಆಗಿರಬಾರದು, ಜಗಳ ಕಂಡ ಸಾಕ್ಷಿಯೂ ಆಗಿರಬಾರದು, ದೂರು ಕೊಟ್ಟ ಮ್ಯಾನೇಜರೂ ಆಗಿರಬಾರದು. ನಲವತ್ತು ಜನರ ಕಾರ್ಖಾನೆಯಲ್ಲಿ ಇವರನ್ನೆಲ್ಲ ಬಿಟ್ಟರೆ ಉಳಿಯುವವರೇ ಇಲ್ಲ, ಅದಕ್ಕೇ ಹೊರಗಿನ ವಕೀಲರನ್ನು ವಿಚಾರಣಾಧಿಕಾರಿಯಾಗಿ ನೇಮಿಸುವ ರೂಢಿ. ಅದು ತಪ್ಪಲ್ಲ. ಆದರೆ ವಿಚಾರಣೆಯಲ್ಲಿ ನಿಮ್ಮ ಪರ ವಾದ ಮಂಡಿಸುವವರಾಗಿ ಕಾನೂನು ಓದಿದವರನ್ನು ಕೂರಿಸಿದರೆ ಕೆಲಸಗಾರನೂ ವಕೀಲರನ್ನು ಕೇಳಬಹುದು. ಬಾಂಬೆ ಬಂದರು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ: ಒಂದು ಕಡೆ ಕಾನೂನು ಬಲ್ಲವರು, ಇನ್ನೊಂದು ಕಡೆ ಬರಿಗೈ ಆಗಬಾರದು. ಇಲ್ಲದಿದ್ದರೆ ಸಾಮಾನ್ಯವಾಗಿ ಅವನ ಜೊತೆ ಸಹೋದ್ಯೋಗಿಯೊಬ್ಬ ಕೂತರೆ ಸಾಕು.

ಅವನು ವಿಚಾರಣೆಗೇ ಬರಲಿಲ್ಲ ಅಂತಿಟ್ಟುಕೊಳ್ಳಿ. ಏಕಪಕ್ಷೀಯವಾಗಿ ನಡೆಸಬಹುದು, ಆದರೆ ನಡೆಸಲೇಬೇಕು. "ಬರಲಿಲ್ಲ, ಆದ್ದರಿಂದ ಆರೋಪ ಸಾಬೀತು" ಎಂದು ಎರಡೇ ಸಾಲಿನಲ್ಲಿ ಮುಗಿಸುವಂತಿಲ್ಲ. ಹಾಜರಿ ಗುಮಾಸ್ತರ ಹೇಳಿಕೆ, ಪುಸ್ತಕಗಳು, ವಾಪಸ್ ಬಂದ ಕವರುಗಳು ಎಲ್ಲ ದಾಖಲಾಗಬೇಕು. ವರದಿ ಬಂದ ಮೇಲೆ ಅದರ ಪ್ರತಿಯನ್ನು ಅವನಿಗೆ ಕಳಿಸಿ ಅಭಿಪ್ರಾಯ ಕೇಳಬೇಕು. ಇದು 1993ರ ಕರುಣಾಕರ್ ಪ್ರಕರಣದಿಂದ ಬಂದದ್ದು. ಎಲ್ಲ ಸರಿಯಾಗಿ ಮಾಡಿ ಈ ಒಂದು ಹೆಜ್ಜೆಯಲ್ಲಿ ಜಾರುವವರು ಬಹಳ.

ನೇರಮಾತು:
ಇಷ್ಟೆಲ್ಲ ಮಾಡುವಷ್ಟರಲ್ಲಿ ನಾವು ಕಾರ್ಖಾನೆ ನಡೆಸುವುದು ಯಾವಾಗ? ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಮಾಲೀಕರಿಗೆ ಎಲ್ಲ ಸಲೀಸು, ಮುನ್ನೂರು ಜನರ ಕೆಳಗಿದ್ದರೆ ಯಾರನ್ನು ಬೇಕಾದರೂ ತೆಗೆಯಬಹುದು ಅಂತ ಕೇಳಿದ್ದೆ.

ಕಾರ್ಮಿಕಕಾನೂನು:
ಈ ಮಾತು ಎಲ್ಲ ಕಡೆ ಓಡಾಡುತ್ತಿದೆ, ಇಲ್ಲೇ ಬಿಡಿಸಿಬಿಡೋಣ.

ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ 2020, ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ ಬಂದದ್ದು. ಮುನ್ನೂರರ ಲೆಕ್ಕ ಎರಡು ಕಡೆ ಬರುತ್ತದೆ. ಆರ್ಥಿಕ ಕಾರಣಕ್ಕೆ ಜನ ಕಡಿತ, ಲೇ ಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ಕಾರ್ಖಾನೆ ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವುದು ಮುನ್ನೂರು ಮತ್ತು ಮೇಲ್ಪಟ್ಟ ಕೆಲಸಗಾರರಿದ್ದಲ್ಲಿ, ಹಿಂದೆ ನೂರಿತ್ತು. ಸ್ಥಾಯಿ ಆದೇಶಗಳ ಅಧ್ಯಾಯವೂ ಅಲ್ಲಿಂದಲೇ ಅನ್ವಯ. ಅದರ ಕೆಳಗಿದ್ದರೆ ವಿಚಾರಣೆಯಿಲ್ಲದೆ ವಜಾ ಮಾಡಬಹುದು ಎಂದು ಎಲ್ಲೂ ಬರೆದಿಲ್ಲ. ಕಡಿತ ಮಾಡುವಾಗಲೂ ಒಂದು ವರ್ಷ ಸೇವೆ ಆದವನಿಗೆ ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಲೇಬೇಕು. ಹೊಸದಾಗಿ ಮರುಕೌಶಲ ನಿಧಿಗೆ ಇನ್ನೂ 15 ದಿನದ ಕೂಲಿ ಸೇರಿಕೊಂಡಿದೆ.

ಸಡಿಲವಾದದ್ದು ಸ್ವಲ್ಪ, ಬಿಗಿಯಾದದ್ದೂ ಸ್ವಲ್ಪ. ವಜಾ ಆದವನು ಕೈಗಾರಿಕಾ ನ್ಯಾಯಮಂಡಳಿಗೆ ಹೋಗುವ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಇತ್ತ ಕೆಲಸದಿಂದ ತೆಗೆದರೂ, ಅವನೇ ಬಿಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ಇದು ವೇತನ ಸಂಹಿತೆ 2019ರ 17ನೇ ಕಲಂ. "ಮುಂದಿನ ತಿಂಗಳು ಏಳನೇ ತಾರೀಖಿಗೆ ಬಾ" ಅನ್ನುವ ಕಾಲ ಹೋಯಿತು. ನಿಮ್ಮಲ್ಲಿ ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಕುಂದುಕೊರತೆ ಪರಿಹಾರ ಸಮಿತಿಯೂ ಇರಬೇಕು, ಮಾಲೀಕರ ಕಡೆಯವರು ಮತ್ತು ಕೆಲಸಗಾರರ ಕಡೆಯವರು ಸಮಸಮ. ಲೇತ್‌ಮಾಲೀಕರೇ, ನಿಮ್ಮಲ್ಲಿದೆಯೇ?

ಲೇತ್‌ಮಾಲೀಕ:
ಇಲ್ಲ ಸಾರ್. ಅದು ದೊಡ್ಡ ಕಂಪನಿಗಳಿಗೆ ಅಂದುಕೊಂಡಿದ್ದೆ.

ಕೋಡ್_ಕಚೇರಿ:
ಮಧ್ಯೆ ನುಗ್ಗಿದ್ದಕ್ಕೆ ಕ್ಷಮಿಸಿ. ನಮ್ಮದು ಸಾಫ್ಟ್‌ವೇರ್ ಕಚೇರಿ. ನಮ್ಮಲ್ಲಿ ಎಲ್ಲರ ಹುದ್ದೆಯ ಹೆಸರೂ "ಮ್ಯಾನೇಜರ್" ಅಂತಲೇ ಇದೆ, ಹಾಗಾಗಿ ಕಾರ್ಮಿಕ ಕಾನೂನು ನಮಗೆ ಬರುವುದಿಲ್ಲ ಅಂತ ಸಲಹೆಗಾರರೊಬ್ಬರು ಹೇಳಿದ್ದಾರೆ. ನಿಜವೇ?

ಕಾರ್ಮಿಕಕಾನೂನು:
ಹುದ್ದೆಯ ಹೆಸರಿಗೆ ಬೆಲೆಯಿಲ್ಲ, ದಿನವಿಡೀ ಮಾಡುವ ಕೆಲಸ ಯಾವುದು ಎಂಬುದೇ ಪ್ರಶ್ನೆ. ಕೈಕೆಳಗೆ ಯಾರೂ ಇಲ್ಲದೆ, ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲದೆ ಕೂತು ಕೋಡ್ ಬರೆಯುವವರನ್ನು "ಮ್ಯಾನೇಜರ್" ಎಂದು ಕರೆದರೆ ಕೋರ್ಟ್ ನಂಬುವುದಿಲ್ಲ. ನಿಜವಾಗಿ ಆಡಳಿತ ನಡೆಸುವವರು ಸಂಹಿತೆಯ "ಕೆಲಸಗಾರ" ಎಂಬ ವ್ಯಾಖ್ಯೆಯಿಂದ ಹೊರಗೆ. ಮೇಲ್ವಿಚಾರಕರಾದರೆ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನವಿದ್ದವರು ಹೊರಗೆ. ತಾಂತ್ರಿಕ ಕೆಲಸದವರಿಗೆ ಆ ವೇತನದ ಮಿತಿ ಇಲ್ಲ, ಬಹಳ ಜನ ಇಲ್ಲೇ ತಪ್ಪು ತಿಳಿಯುತ್ತಾರೆ.

ಜೊತೆಗೆ ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 39ನೇ ಕಲಂ ಪ್ರಕಾರ ಆರು ತಿಂಗಳು ನಿರಂತರವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಮಾತ್ರ ನೋಟಿಸ್ ಬೇಡ. ತಿರುಗಿ ನೋಡಿ, ಮತ್ತೆ ವಿಚಾರಣೆಗೇ ಬಂದೆವು.

ಎಚ್ಆರ್_ಹಳಬಳು:
@ಕೋಡ್_ಕಚೇರಿ, ನಿಮ್ಮಲ್ಲಿ ಹತ್ತು ಜನರಿದ್ದರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿಯೂ ಬೇಕು, ಹೊರಗಿನ ಸದಸ್ಯರೊಬ್ಬರೊಂದಿಗೆ. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಅಂಥ ದೂರು ಬಂದರೆ ಮೇಲೆ ಹೇಳಿದ ಮಾಮೂಲಿ ವಿಚಾರಣೆ ಶುರು ಮಾಡಬೇಡಿ, ಸಮಿತಿಯೇ ತನಿಖೆ ಮಾಡಬೇಕು. ಅದು ಬೇರೆಯೇ ವಿಷಯ, ಇಲ್ಲಿ ಬೆಳೆಸುವುದಿಲ್ಲ.

ಲೇತ್‌ಮಾಲೀಕ:
ಇನ್ನೊಂದು ಸಂದೇಹ. ನಾಳೆ ಅವನು ಕಾರ್ಮಿಕ ಇಲಾಖೆಗೆ ಹೋದರೆ ಅಲ್ಲಿಗೆ ನನ್ನ ಪರ ವಕೀಲರೇ ಹೋಗಬಹುದಲ್ಲ? ನನಗೆ ಆ ಕಚೇರಿಗಳ ಮೆಟ್ಟಿಲು ಹತ್ತಿ ಅಭ್ಯಾಸವಿಲ್ಲ.

ಕಾರ್ಮಿಕಕಾನೂನು:
ಇಲ್ಲ. ಇಲಾಖೆಯಲ್ಲಿ ರಾಜಿ ಮಾಡಿಸುವ ಸಂಧಾನಾಧಿಕಾರಿಯ ಮುಂದೆ ವಕೀಲರಿಗೆ ಪ್ರವೇಶವಿಲ್ಲ, ಹಳೆಯ ಕಾಯ್ದೆಯಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ನೀವೋ ನಿಮ್ಮ ಮ್ಯಾನೇಜರೋ ಮಾಲೀಕರ ಸಂಘದ ಪದಾಧಿಕಾರಿಯೋ ಹೋಗಬೇಕು. ನ್ಯಾಯಮಂಡಳಿಯಲ್ಲಿ ಕೂಡ ಎದುರು ಪಕ್ಷ ಒಪ್ಪಿ, ನ್ಯಾಯಮಂಡಳಿ ಅನುಮತಿ ಕೊಟ್ಟರೆ ಮಾತ್ರ ವಕೀಲರು. ಪಾರಾದೀಪ್ ಬಂದರಿನ 1976ರ ತೀರ್ಪಿನಿಂದ ಇದು ಗಟ್ಟಿಯಾಗಿ ನಿಂತಿದೆ. ವ್ಯವಹಾರದಲ್ಲಿ ಇಬ್ಬರೂ ವಕೀಲರನ್ನು ಇಟ್ಟುಕೊಂಡಿರುತ್ತಾರೆ, ಯಾರೂ ತಕರಾರು ಎತ್ತುವುದಿಲ್ಲ. ಎತ್ತಿದರೆ ಕಷ್ಟ.

ಸಂಧಾನದಲ್ಲಿ ನಿಮ್ಮನ್ನು ಉಳಿಸುವುದು ನೀವು ಕೊಂಡೊಯ್ಯುವ ಫೈಲು. ಆ ಫೈಲು ಕಟ್ಟಿಕೊಡುವುದೇ ವಕೀಲರ ಕೆಲಸ. ನೋಟಿಸ್ ಬಂದರೆ ಹೋಗದೆ ಕೂರಬೇಡಿ, ಉತ್ತರವನ್ನು ಬರಹದಲ್ಲೇ ಕೊಡಿ.

ಸಂಘದವ:
ಹೋಗುವಾಗ ತೀರ್ಮಾನ ಮಾಡುವ ಅಧಿಕಾರ ಇರುವವರು ಹೋಗಲಿ. "ಸಾಹೇಬರನ್ನು ಕೇಳಿ ಹೇಳ್ತೀನಿ" ಅನ್ನುವ ಗುಮಾಸ್ತರನ್ನು ತಾರೀಖಿನ ಮೇಲೆ ತಾರೀಖು ಕಳಿಸುತ್ತಾರೆ. ರಾಜಿ ಆಗುವ ಕೇಸೂ ಹಾಗೆಯೇ ಹಳಸುತ್ತದೆ. ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಕೋರ್ಟು ಬೇಕಿಲ್ಲ, ಸಲ್ಲಬೇಕಾದ ಹಣ ಮತ್ತು ಒಂದು ಸೇವಾ ಪತ್ರ ಬೇಕು.

ಕೋಡ್_ಕಚೇರಿ:
ಒಳ್ಳೆಯ ಕಾರ್ಮಿಕ ವಕೀಲರನ್ನು ಗುರುತಿಸುವುದು ಹೇಗೆ? ನಮಗೆ ಗೊತ್ತಿರುವವರೆಲ್ಲ ಆಸ್ತಿ ವ್ಯಾಜ್ಯದವರು.

ಕಾರ್ಮಿಕಕಾನೂನು:
ಒಂದು ಪ್ರಶ್ನೆ ಕೇಳಿ ನೋಡಿ: "ನಮ್ಮ ವಿಚಾರಣೆ ಸರಿಯಿಲ್ಲ ಎಂದು ಕೋರ್ಟ್ ಹೇಳಿದರೆ ಮುಂದೇನು?"

ಬಲ್ಲವರು ಥಟ್ಟನೆ ಹೇಳುತ್ತಾರೆ. 1973ರ ಫೈರ್‌ಸ್ಟೋನ್ ತೀರ್ಪಿನ ನಂತರ, ವಿಚಾರಣೆ ಕೆಟ್ಟಿದ್ದರೂ, ನಡೆಯದೇ ಇದ್ದರೂ, ಆರೋಪವನ್ನು ಕೋರ್ಟಿನ ಮುಂದೆಯೇ ಸಾಬೀತು ಮಾಡಲು ಮಾಲೀಕನಿಗೆ ಅವಕಾಶವಿದೆ. ಆದರೆ ಆ ಅವಕಾಶವನ್ನು ಮೊದಲ ಲಿಖಿತ ಹೇಳಿಕೆಯಲ್ಲೇ ಕೇಳಿರಬೇಕು. ಕೆಎಸ್‌ಆರ್‌ಟಿಸಿ ವಿರುದ್ಧ ಲಕ್ಷ್ಮೀದೇವಮ್ಮ, 2001, ಐವರು ನ್ಯಾಯಮೂರ್ತಿಗಳ ಪೀಠ, ನಮ್ಮ ರಾಜ್ಯದ್ದೇ ಪ್ರಕರಣ. ಒಂದು ಸಾಲು ಬರೆಯಲು ಮರೆತರೆ ಆ ಬಾಗಿಲು ಬಹುತೇಕ ಮುಚ್ಚಿದಂತೆ. ಆಸ್ತಿ ವ್ಯಾಜ್ಯದವರಿಗೆ ಇದು ರೂಢಿಯಲ್ಲಿರುವುದಿಲ್ಲ, ಅವರ ತಪ್ಪಲ್ಲ.

ಮತ್ತೆ, "ಗ್ಯಾರಂಟಿ ಗೆಲ್ಲಿಸುತ್ತೇನೆ" ಅನ್ನುವವರನ್ನೂ ಹಿಂದಿನ ತಾರೀಖು ಹಾಕಿ ನೋಟಿಸ್ ತಯಾರಿಸೋಣ ಅನ್ನುವವರನ್ನೂ ಬಿಟ್ಟುಬಿಡಿ. ವಿಚಾರಣೆ ಸರಿಯಾಗಿದ್ದರೂ ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಅದನ್ನು ತಗ್ಗಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ, ಹಳೆಯ ಕಾಯ್ದೆಯಲ್ಲಿ ಅದನ್ನು 11ಎ ಅನ್ನುತ್ತಿದ್ದೆವು. ಐದಾರು ವರ್ಷ ಕಳಂಕವಿಲ್ಲದೆ ದುಡಿದವನನ್ನು ಮೂರು ವಾರದ ಗೈರಿಗೆ ವಜಾ ಮಾಡಿದರೆ, ನಾನು ಮಾಲೀಕರ ವಕೀಲನಾಗಿಯೂ ಹೇಳುತ್ತೇನೆ, ಉಳಿಯುವುದು ಅನುಮಾನ. ಮರುನೇಮಕ ಆದರೆ ಹಿಂಬಾಕಿ ವೇತನವೂ ಸಾಮಾನ್ಯವಾಗಿ ಹಿಂದೆಯೇ ಬರುತ್ತದೆ, 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪು ಓದಿ.

ಲೇತ್‌ಮಾಲೀಕ:
ಆಗಿದ್ದು ಹೇಳುತ್ತೇನೆ. ಎರಡು ವಿಳಾಸಕ್ಕೂ ಪತ್ರ ಕಳಿಸಿದೆವು. ಬಾಡಿಗೆ ಮನೆಯದ್ದು ವಾಪಸ್ ಬಂತು (ಒಡೆದಿಲ್ಲ!), ಊರಿನದ್ದು ತಲುಪಿತು. ಗೇಟಿನ ಪುಸ್ತಕದಲ್ಲಿ ಅವನ ಹೆಸರಿಲ್ಲ. ಆದರೆ ಫೋರ್‌ಮನ್ "ನಾಳೆಯಿಂದ ಬರಬೇಡ" ಅಂದದ್ದನ್ನು ಇಬ್ಬರು ಕೇಳಿಸಿಕೊಂಡಿದ್ದಾರೆ. ನಿನ್ನೆ ಅವನೇ ಬಂದ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವೈದ್ಯರ ಪ್ರಮಾಣಪತ್ರ ಹಿಡಿದು. ಕೊನೆಯ ಹತ್ತು ದಿನಕ್ಕೆ ಮಾತ್ರ ಇದೆ, ಮೊದಲ ದಿನಗಳಿಗೆ ಇಲ್ಲ. ಈಗ?

ಕಾರ್ಮಿಕಕಾನೂನು:
ಕೆಲಸಕ್ಕೆ ತೆಗೆದುಕೊಳ್ಳಿ. ಇಎಸ್‌ಐ ಚಿಕಿತ್ಸೆಯ, ಅನಾರೋಗ್ಯ ಭತ್ಯೆಯ ಅವಧಿಯಲ್ಲಿ ತೆಗೆದುಹಾಕುವುದನ್ನು ಹಳೆಯ ಇಎಸ್‌ಐ ಕಾಯ್ದೆಯ 73ನೇ ಕಲಂ ನೇರವಾಗಿ ತಡೆದಿತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಮ್ಮ ಸಂದರ್ಭಕ್ಕೆ ಅನ್ವಯಿಸುವ ಕಲಂ ಅನ್ನು ನೀವು ಹಿಡಿದ ವಕೀಲರ ಹತ್ತಿರ ನೋಡಿಸಿ.

ಪ್ರಮಾಣಪತ್ರ ಇಲ್ಲದ ದಿನಗಳಿಗೆ ಲಿಖಿತ ವಿವರಣೆ ಕೇಳಿ. ಫೋರ್‌ಮನ್ ಹೇಳಿಕೆಯನ್ನೂ ಆ ಇಬ್ಬರ ಹೇಳಿಕೆಯನ್ನೂ ಬರಹದಲ್ಲಿ ಪಡೆಯಿರಿ. ನಿಮಗೆ ಅಹಿತವಾದ ಕಾಗದ ಎಂದು ಫೈಲಿನಿಂದ ಹೊರಗಿಡಬೇಡಿ.

ಲೇತ್‌ಮಾಲೀಕ:
ತೆಗೆದುಕೊಂಡೆವು, ಲೇತ್ ಬದಲು ಡ್ರಿಲ್ಲಿಂಗ್ ಕಡೆಗೆ, ಸಂಬಳ ಅದೇ. ಇಬ್ಬರನ್ನೂ ಸ್ವಲ್ಪ ದಿನ ದೂರ ಇಡೋಣ ಅಂತ. ವಿವರಣೆ ಬರೆದುಕೊಟ್ಟಿದ್ದಾನೆ, "ಬರಬೇಡ ಅಂದರು, ಹಾಗಾಗಿ ಬರಲಿಲ್ಲ" ಅಂತ. ಫೋರ್‌ಮನ್‌ಗೆ ಮಾತಿನಲ್ಲಿ ಬುದ್ಧಿ ಹೇಳಿದ್ದೇನೆ. ಇವನಿಗೆ ಒಂದು ಎಚ್ಚರಿಕೆ ಪತ್ರ ಕೊಡಬಹುದೇ? ಮುಂದೆ ಮತ್ತೆ ಮಾಡಿದರೆ ಹಿಂದಿನದು ಕೈಯಲ್ಲಿರಲಿ ಅಂತ.

ಸಂಘದವ:
ಅವನಿಗೆ ಬರಹದಲ್ಲಿ, ಫೋರ್‌ಮನ್‌ಗೆ ಮಾತಿನಲ್ಲಿ. ಇದನ್ನೇ ನಾವು ಕೋರ್ಟಿನಲ್ಲಿ ಹಿಡಿದು ಎಳೆಯುವುದು ಸಾರ್.

ಕಾರ್ಮಿಕಕಾನೂನು:
ಸಂಘದವರ ಮಾತಿಗೆ ನನ್ನ ಸಹಿಯೂ ಇದೆ. ಎಚ್ಚರಿಕೆ ಕೊಡುವುದಾದರೆ ಇಬ್ಬರಿಗೂ ಬರಹದಲ್ಲಿ ಕೊಡಿ, ಅವರವರ ವಿವರಣೆ ನೋಡಿದ್ದೇವೆ ಎಂದು ಪತ್ರದಲ್ಲೇ ಬರೆಯಿರಿ. ಫೋರ್‌ಮನ್‌ಗೆ ಕೆಲಸದಿಂದ ತೆಗೆಯುವ ಅಧಿಕಾರವಿಲ್ಲ ಎಂಬ ಸೂಚನೆಯನ್ನು ಎಲ್ಲ ಮೇಲ್ವಿಚಾರಕರಿಗೂ ಹೊರಡಿಸಿ.

ಹಿಂದಿನದು ಕೈಯಲ್ಲಿರಲಿ ಅಂದಿರಲ್ಲ, ಅದಕ್ಕೊಂದು ಷರತ್ತಿದೆ. ಮುಂದೆಂದಾದರೂ ಶಿಕ್ಷೆ ಕೊಡುವಾಗ ಈ ಹಳೆಯ ಎಚ್ಚರಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಾದರೆ, ಹಿಡಿಯುತ್ತೇವೆ ಎಂದು ಆಗಿನ ನೋಟಿಸ್‌ನಲ್ಲೇ ಅವನಿಗೆ ತಿಳಿಸಿರಬೇಕು. ಮೈಸೂರು ರಾಜ್ಯ ವಿರುದ್ಧ ಮಂಚೇಗೌಡ, ಸರ್ಕಾರಿ ನೌಕರರೊಬ್ಬರ ಹಳೆಯ ಪ್ರಕರಣ, ಸುಪ್ರೀಂ ಕೋರ್ಟಿನದು. ಪತ್ರದ ಪ್ರತಿಯ ಮೇಲೆ ಅವನ ಸಹಿ ತೆಗೆದುಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ಜಗಳ ಬೇಡ, ಇಬ್ಬರು ಸಾಕ್ಷಿಗಳ ಮುಂದೆ ಓದಿ ಹೇಳಿ, ಹಾಗೆಂದು ಬರೆದು, ಅಂಚೆಯಲ್ಲಿ ಕಳಿಸಿ.

ಲೇತ್‌ಮಾಲೀಕ:
ಸರಿ ಸಾರ್. ಸೋಮವಾರ ಒಬ್ಬ ಕಾರ್ಮಿಕ ವಕೀಲರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ನೇಮಕಾತಿ ಪತ್ರದ ಆ ಹತ್ತು ದಿನದ ಸಾಲು, ಕುಂದುಕೊರತೆ ಸಮಿತಿ, ಎರಡು ಎಚ್ಚರಿಕೆ ಪತ್ರ. ನಿಮ್ಮ ಫೈರ್‌ಸ್ಟೋನ್ ಪ್ರಶ್ನೆಯನ್ನೂ ಕೇಳಿ ನೋಡುತ್ತೇನೆ.